ಗಿಣ್ಣು ಹಾಲಿನ ಬೆಳವಣಿಗೆ ಅಂಶಗಳಿಂದ ಮಕ್ಕಳು ಎತ್ತರ ಬೆಳೆಯುತ್ತಾರೆಯೇ?

ಇಲ್ಲ. ಹಸು, ಎಮ್ಮೆ, ಮೇಕೆ ಯಾವುದರ ಹಾಲಿನಲ್ಲೂ ಜೀವಕೋಶಗಳಿಗೆ 'ಬೆಳೆಯಿರಿ' ಎಂದು ಸೂಚಿಸುವ ಪ್ರೋಟೀನ್‌ಗಳಿವೆ. ಇವೇ ಬೆಳವಣಿಗೆ ಅಂಶಗಳು; ಮುಖ್ಯವಾದದ್ದು ಐಜಿಎಫ್-1 (ಇನ್ಸುಲಿನ್‌ನಂಥ ಬೆಳವಣಿಗೆ ಅಂಶ-1). 70 ಅಮೈನೋ ಆಮ್ಲಗಳ ಈ ಸರಪಳಿ ಹಸುವಿನಲ್ಲೂ ಮನುಷ್ಯರಲ್ಲೂ ಒಂದೇ. ಆದರೆ ನಮ್ಮ ಹೊಟ್ಟೆ ಇದರ ಬಹುಪಾಲನ್ನು ಬೇರೆ ಪ್ರೋಟೀನಿನಂತೆಯೇ ಜೀರ್ಣಿಸಿಬಿಡುತ್ತದೆ. ಪ್ರಮಾಣವೂ ತೀರಾ ಕಡಿಮೆ: ಸಾಮಾನ್ಯ ಹಾಲಿನ ಒಂದು ಮಿಲಿಲೀಟರಿನಲ್ಲಿ ಸಾಧಾರಣವಾಗಿ 10 ನ್ಯಾನೋಗ್ರಾಂಗಿಂತ ಕಡಿಮೆ, ವಯಸ್ಕರ ರಕ್ತದಲ್ಲೇ ಅದು ಸುಮಾರು 100–300 ಇರುತ್ತದೆ. ಮಕ್ಕಳ ಬೆಳವಣಿಗೆಗೆ ಹಾಲು ನೆರವಾಗುವುದು ಅದರ ಪ್ರೋಟೀನ್, ಕ್ಯಾಲ್ಸಿಯಂಗಳಿಂದ.

ಗಿಣ್ಣಿನಲ್ಲಿ ಐಜಿಎಫ್-1 ಮಿಲಿಲೀಟರಿಗೆ ನೂರಾರು ನ್ಯಾನೋಗ್ರಾಂ ಇರುವುದು ನಿಜ, ಆದರೆ ಅದು ಕರುವಿನ ಪಾಲು. ಹುಟ್ಟಿದ ಕರುವಿನ ಕರುಳು ಸುಮಾರು 24 ಗಂಟೆ ಮಾತ್ರ ದೊಡ್ಡ ಪ್ರೋಟೀನ್‌ಗಳನ್ನು ಇಡಿಯಾಗಿ ಒಳಬಿಡುತ್ತದೆ, ಅದೂ ಗಂಟೆಗಂಟೆಗೆ ಕುಗ್ಗುತ್ತ. ಗಿಣ್ಣಿನಲ್ಲಿ ಜೀರ್ಣಕಿಣ್ವ ತಡೆಯುವ ವಸ್ತುವೂ ಇದೆ. ಹಾಗಾಗಿ 25 ಕೆಜಿ ಕರುವಿಗೆ ಸುಮಾರು ಎರಡೂವರೆ ಲೀಟರ್, ಹುಟ್ಟಿದ ಒಂದೆರಡು ಗಂಟೆಯೊಳಗೇ ಶುರುಮಾಡಿ ಕುಡಿಸಬೇಕು. ಅದನ್ನು ಕಾಯಿಸಬೇಡಿ: ಗಿಣ್ಣು ಗಟ್ಟಿಯಾಗುವುದೇ ರೋಗನಿರೋಧಕ ಪ್ರೋಟೀನ್‌ಗಳು ಬಿಸಿಗೆ ಹೆಪ್ಪುಗಟ್ಟುವುದರಿಂದ, ಹೆಪ್ಪುಗಟ್ಟಿದ ಮೇಲೆ ಅವು ಕರುವಿಗೆ ರಕ್ಷಣೆ ಕೊಡವು. ತಣ್ಣಗಾಗಿದ್ದರೆ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಸಾಕು.