ಮಸ್ಟಾಂಗ್, ಕಮಾರೋ, ಚಾಲೆಂಜರ್: ಮೊದಲು ವುಡ್‌ವರ್ಡ್‌ಗೆ ಬನ್ನಿ

ಡೆಟ್ರಾಯ್ಟ್‌ಗೆ ಕೆಲಸಕ್ಕೆ ಬಂದು ಎರಡು ತಿಂಗಳಾಯ್ತು, ಫೋರ್ಡ್‌ನ ಮಸ್ಟಾಂಗ್, ಷೆವರ್ಲೆಯ ಕಮಾರೋ, ಡಾಡ್ಜ್‌ನ ಚಾಲೆಂಜರ್, ಈ ಮೂರರಲ್ಲಿ ಯಾವ ಕಾರು ತಗೊಳ್ಳಲಿ, ಇಲ್ಲಿನವರಿಗೆ ಇವುಗಳ ಮೇಲೆ ಯಾಕಿಷ್ಟು ಹುಚ್ಚು ಅಂತ ಕೇಳಿದ್ದೀರಿ. ನಾನು ಹದಿನಾರು ವರ್ಷದಿಂದ ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿದ್ದೇನೆ. ನನ್ನದು 2016ರ ಮಸ್ಟಾಂಗ್ ಜಿಟಿ. ಮೂರನ್ನೂ ಓಡಿಸಿದ್ದೇನೆ.

ತಿರುವುಗಳಲ್ಲಿ ಕಮಾರೋಗೆ ಸಾಟಿಯಿಲ್ಲ. ಆದರೆ ಕಿಟಕಿಗಳು ಬಹಳ ಚಿಕ್ಕವು, ಲೇನ್ ಬದಲಿಸುವಾಗ ಪಕ್ಕದ ಗಾಡಿ ಕಾಣುವುದೇ ಕಷ್ಟ. ಚಾಲೆಂಜರ್ ದೊಡ್ಡದು, ಭಾರ ಜಾಸ್ತಿ. ಷಿಕಾಗೋವರೆಗೆ ಹೋಗಿಬಂದರೂ ಬೆನ್ನು ನೋಯುವುದಿಲ್ಲ, ಹಿಂದೆ ಮೂವರು ಕೂರಬಹುದು. ಅದರ ಹೆಚ್ಚು ಶಕ್ತಿಯ ಮಾದರಿ ಹೆಲ್‌ಕ್ಯಾಟ್‌ಗೆ, ಮೊದಲು ಬಂದಾಗ, 707 ಕುದುರೆಶಕ್ತಿ. ಎರಡು ಕೀ ಕೊಡುತ್ತಿದ್ದರು, ಪೂರ್ತಿ ಶಕ್ತಿ ಬೇಕಾದರೆ ಕೆಂಪು ಕೀ ಬೇಕು! ಮಸ್ಟಾಂಗ್ ಇವೆರಡರ ನಡುವೆ.

ಹೊಸದೇ ಬೇಕು ಅಂದರೆ ಈಗ ಉಳಿದಿರುವುದು ಮಸ್ಟಾಂಗ್ ಮಾತ್ರ. ಚಾಲೆಂಜರ್ 2023ರ ಡಿಸೆಂಬರ್‌ನಲ್ಲಿ ನಿಂತಿತು, ಕಮಾರೋ ಕೂಡ ಅದೇ ತಿಂಗಳು.

ಹುಚ್ಚು ಯಾಕೆ ಅಂದ್ರಲ್ಲ, ಅದನ್ನು ನನಗೆ ತಿಳಿಸಿದವರು ಪಕ್ಕದ ಮನೆಯ ಹಿರಿಯರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವರು. 1964ರಲ್ಲಿ ಮಸ್ಟಾಂಗ್ ಬಂದಾಗ ಬೆಲೆ 2,368 ಡಾಲರ್‌ನಿಂದ ಶುರುವಾಗುತ್ತಿತ್ತು. ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗನೂ ಆಸೆಪಡಬಹುದಾದ ಚೆಂದದ ಕಾರು. ಎದುರಾಳಿಯಾಗಿ ಕಮಾರೋ ಬಂತು, ಆಮೇಲೆ ಚಾಲೆಂಜರ್. ಆ ಹಿರಿಯರ ಹತ್ತಿರ 1967ರ ಕಮಾರೋ ಇದೆ. ಭಾನುವಾರ ಅದನ್ನು ಸ್ಟಾರ್ಟ್ ಮಾಡಿದರೆ ನಮ್ಮ ಅಡುಗೆಮನೆಯ ಪಾತ್ರೆಗಳೆಲ್ಲ ಸಣ್ಣಗೆ ನಡುಗುತ್ತವೆ. ಎಂಟು ಸಿಲಿಂಡರಿನ ವಿ8 ಎಂಜಿನ್ನಿನ ಆ ಸದ್ದಿಗೇ ಜನ ಸೋತಿರುವುದು. ಚಾಲೆಂಜರ್ ಆದಮೇಲೆ ಡಾಡ್ಜ್ ತಂದ ‘ಚಾರ್ಜರ್’ ಅನ್ನುವ ಎಲೆಕ್ಟ್ರಿಕ್ ಕಾರಿಗೂ ಕಂಪನಿಯವರು ಬೇರೆಯಾಗಿ ಸದ್ದು ಹುಟ್ಟಿಸಿ ಕೊಡಬೇಕಾಯ್ತು, ನೋಡಿ.

ಆದರೂ ಈ ವರ್ಷ ಕೊಳ್ಳಬೇಡಿ. ಇಲ್ಲಿ ಗಾಡಿ ಓಡಿಸಿದ ದಾಖಲೆ ನಿಮಗಿನ್ನೂ ಇಲ್ಲ. ಮಿಷಿಗನ್‌ನಲ್ಲಿ ವಿಮೆ ಮೊದಲೇ ದುಬಾರಿ, ವಿ8 ಅಂದರೆ ಇನ್ನೂ ಏರುತ್ತದೆ. ಮಸ್ಟಾಂಗ್, ಕಮಾರೋ ಎರಡರಲ್ಲೂ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು, ಹಿಮದಲ್ಲಿ ಬೇಗ ಜಾರುತ್ತವೆ. ಮೊದಲ ಚಳಿಗಾಲ ನಾನು ಹಿಮದ ಟೈರ್ ಹಾಕಿಸದೆ ಸಿಗ್ನಲ್‌ನಲ್ಲೇ ಅಡ್ಡಡ್ಡ ಜಾರಿದ್ದೆ. ಹೆಂಡತಿ ಪಕ್ಕದಲ್ಲಿದ್ದಳು. ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ. ಸದ್ಯಕ್ಕೆ ಸುಮ್ನೆ ಒಂದು ಸಾದಾ ಕಾರು ಇಟ್ಟುಕೊಳ್ಳಿ.

ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂಗೆ ಬನ್ನಿ. 1995ರಿಂದ ಅಲ್ಲಿ ಡ್ರೀಮ್ ಕ್ರೂಸ್ ನಡೆಯುತ್ತಿದೆ, ಮೂರರ ಹಳೆಯವೂ ಹೊಸವೂ ಸಾಲಾಗಿ ಸಾಗುತ್ತವೆ. ಮಡಚುವ ಕುರ್ಚಿ, ನೀರು ತನ್ನಿ. ಬುತ್ತಿ ನಮ್ಮ ಮನೆಯಿಂದ ಬರುತ್ತದೆ.