ಹುಬ್ಬಳ್ಳಿ, ಗದಗದ ಹಳೇ ಓಣಿಗಳ ಬೀಳುತ್ತಿರುವ ಮನೆಗಳ ಫೋಟೊ ತೆಗೆಯಬೇಕು. ಮೊಬೈಲ್ ಸಾಕಾ?

ಧಾರಾಳ ಸಾಕು. ಬೆಳಕು ಮಾತ್ರ ನೋಡಿಕೊಳ್ಳಿ. ಬಿಸಿಲು ಎದುರಿಂದ ನೇರವಾಗಿ ಬಿದ್ದರೆ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ ಸವರಿಕೊಂಡು ಹೋದರೆ ಉದುರಿದ ಗಾರೆ, ಬಿರುಕು, ಬಾಗಿಲ ಚೌಕಟ್ಟಿನ ಕೆತ್ತನೆ ಎಲ್ಲಾ ಎದ್ದು ಬರುತ್ತವೆ.

ಹಳೇ ಹುಬ್ಬಳ್ಳಿಯ ಓಣಿಗಳು ಇಕ್ಕಟ್ಟು. ಫೋನನ್ನು ಮೇಲಕ್ಕೆ ಬಾಗಿಸಿದರೆ ಮನೆ ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ. ಎದುರಿನ ಕಟ್ಟೆ ಹತ್ತಿ, ಫೋನ್ ನೆಟ್ಟಗೆ ಹಿಡಿಯಿರಿ.

ಆದರೆ ಸುಮ್ನೆ ಹೊರಗಿನಿಂದಲೇ ತೆಗೆದರೆ ಬರೀ ಹಳೇ ಗೋಡೆ, ಅಲ್ವಾ? ಗದಗಕ್ಕೆ ಅಂಟಿಕೊಂಡಿರುವ ಬೆಟಗೇರಿ ನೇಕಾರರ ಊರು. ಅಲ್ಲಿ ಒಂದು ಮನೆಯಲ್ಲಿ ಮಗ್ಗ ತೆಗೆದುಬಿಟ್ಟಿದ್ದರು. ನೇಯುವವರು ಕಾಲು ಇಳಿಬಿಡುತ್ತಿದ್ದ ಗುಂಡಿಯಲ್ಲಿ ಉಳ್ಳಾಗಡ್ಡಿ ತುಂಬಿಟ್ಟಿದ್ದರು. ಆ ದಿನ ನಾನು ತೆಗೆದ ಫೋಟೊಗಳಲ್ಲಿ ಉಳಿಸಿಕೊಂಡದ್ದು ಅದೊಂದೇ.

ಒಳಗೆ ಹೋಗಬೇಕಾದರೆ ಮೊದಲು ಕೇಳಿ. ಜಾಗ ಅಳೆಯಲು ಬಂದವನು ಅಂತ ತಿಳಿದು ಒಬ್ಬ ಅಜ್ಜಿ ‘ಯಾರು ಕಳಿಸ್ಯಾರ ನಿನ್ನ?’ ಅಂತ ಜಬರಿಸಿದ್ದರು. ವಿಷಯ ಹೇಳಿದ ಮೇಲೆ ಚಹಾ ಸಿಕ್ಕಿತು. ಮಳೆಗಾಲದಲ್ಲಿ ಮಾತ್ರ ಮಣ್ಣಿನ ಮಾಳಿಗೆ ಹತ್ತಬೇಡಿ, ತೊಲೆ ಒಳಗೇ ಕೊಳೆತಿರಬಹುದು.