ಆಣೆಗೆ ಬೆಲೆ ತೆರುವವರು ಯಾರು?

ಪ್ರಶ್ನೆ: ಹಿರಿಯರ ತೋಟ ಪಾಲಾದಾಗ ಅಣ್ಣನೊಡನೆ ಮನಸ್ತಾಪವಾಗಿ, ‘ಇನ್ನು ನಿನ್ನ ಮನೆಯ ವ್ಯವಹಾರಕ್ಕೆ ಬಾಯಿ ಹಾಕುವುದಿಲ್ಲ’ ಎಂದು ಸತ್ಯವೇದ ಮುಟ್ಟಿ ಆಣೆ ಮಾಡಿದ್ದೆ. ಈಗ ಅವನ ಅಂಗಳದಲ್ಲಿ ಅಡಿಕೆ ಸುಲಿದ ಹೆಂಗಸರಿಗೆ ಎರಡು ತಿಂಗಳ ಕೂಲಿ ಬಾಕಿ ಇದೆ. ಧಾರಣೆ ಏರಿದ ಮೇಲೆ ಮಂಡಿಗೆ ಹಾಕಿ ಕೊಡುತ್ತೇನೆ ಎನ್ನುತ್ತಾನೆ. ‘ನೀವಾದರೂ ಒಂದು ಮಾತು ಹೇಳಿ’ ಎಂದು ಅವರು ನನ್ನ ಬಾಗಿಲಿಗೆ ಬಂದಿದ್ದಾರೆ. ನಮ್ಮ ಬೈಬಲ್ ಅಧ್ಯಯನ ಕೂಟದಲ್ಲಿ ಕೆಲವರು ಆಣೆ ಮುರಿಯುವುದು ಪಾಪವೆಂದರು, ಕೆಲವರು ಸುಮ್ಮನಿರುವುದೇ ಪಾಪವೆಂದರು. ನಾನೇನು ಮಾಡಲಿ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಕೂಟದ ಎರಡೂ ಕಡೆಯವರ ಕೈಯಲ್ಲಿ ವಚನಗಳಿವೆ. ಆಡಿದ ಮಾತಿನಂತೆ ನಡೆಯಬೇಕೆಂದು ಬೈಬಲಿನ ಅರಣ್ಯಕಾಂಡದ 30ನೆಯ ಅಧ್ಯಾಯ ಹೇಳುತ್ತದೆ. ಹರಕೆ ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಮೇಲೆಂದು ಪ್ರಸಂಗಿ ಹೇಳುತ್ತಾನೆ. ‘ಆಣೆ ಹಾಕು ನೋಡೋಣ’ ಎಂದೊಡನೆ ಬೇಲಿಯ ಜಗಳವೇ ನಿಂತುಹೋಗುವ ನಮ್ಮ ಮಲೆನಾಡಿನಲ್ಲಿ ಈ ಮಾತುಗಳಿಗೆ ವ್ಯಾಖ್ಯಾನ ಬೇಕಿಲ್ಲ.

ಆದರೆ 15ನೆಯ ಕೀರ್ತನೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ನಷ್ಟವಾದರೂ ಪ್ರಮಾಣ ತಪ್ಪದವನನ್ನು ಅಲ್ಲಿ ಹೊಗಳಿದೆ. ನಷ್ಟ ಯಾರದು? ಪ್ರಮಾಣ ಮಾಡಿದವನದೇ. ನಿಮ್ಮ ಆಣೆಯಿಂದ ನಿಮಗೆ ಪಾಲಿನಲ್ಲಿ ನಾಲ್ಕು ಮರ ಕಡಿಮೆಯಾಗಿದ್ದರೆ ಮರುಮಾತಿಲ್ಲದೆ ಅದಕ್ಕೆ ನಿಲ್ಲಿ ಎನ್ನುತ್ತಿದ್ದೆ. ಈಗ ಬೆಲೆ ತೆರುತ್ತಿರುವವರು ಆ ಆಣೆಯನ್ನು ಕೇಳಿಯೇ ಇರದ, ಮೆಟ್ಟುಗತ್ತಿಯ ಮುಂದೆ ರಾತ್ರಿಗಳನ್ನು ಕಳೆದ ಹೆಂಗಸರು.

ನಿಮ್ಮದಕ್ಕೆ ಬಹಳ ಹತ್ತಿರದ ಪ್ರಸಂಗ ಸಮುವೇಲನ ಮೊದಲನೆಯ ಪುಸ್ತಕದ 14ನೆಯ ಅಧ್ಯಾಯದಲ್ಲಿದೆ. ಯುದ್ಧದ ದಿನ ಸಂಜೆಯವರೆಗೆ ಏನನ್ನಾದರೂ ತಿಂದವನು ಶಾಪಗ್ರಸ್ತನೆಂದು ಅರಸನಾದ ಸೌಲನು ಸೈನ್ಯಕ್ಕೆಲ್ಲ ಆಣೆಯಿಟ್ಟನು. ಅದು ತಿಳಿಯದ ಅವನ ಮಗ ಯೋನಾತಾನನು ಕಾಡಿನಲ್ಲಿ ಜೇನು ಕಂಡು, ಕೋಲಿನ ತುದಿಯನ್ನು ಅದ್ದಿ ಬಾಯಿಗಿಟ್ಟುಕೊಂಡನು. ಅವನ ಕಣ್ಣು ಕಳೆಗೂಡಿತು. ಉಳಿದವರು ಎಷ್ಟು ಹಸಿದಿದ್ದರೆಂದರೆ, ಸಂಜೆ ಕೊಳ್ಳೆಯ ದನಕುರಿಗಳ ಮೇಲೆ ಬಿದ್ದು, ಧರ್ಮಶಾಸ್ತ್ರ ನಿಷೇಧಿಸಿದ್ದ ರಕ್ತಸಹಿತವಾದ ಮಾಂಸವನ್ನೇ ತಿಂದರು. ಭಕ್ತಿಯ ಹೆಸರಿನ ಆಣೆ ಹೀಗೆ ಸಂಜೆಯೊಳಗೆ ಒಂದು ಸೈನ್ಯವನ್ನೇ ಪಾಪಕ್ಕೆ ನೂಕಿತ್ತು. ತಪ್ಪಿತಸ್ಥನಾರೆಂದು ತಿಳಿಯಲು ಹಾಕಿದ ಚೀಟು ಯೋನಾತಾನನಿಗೆ ಬಿದ್ದಾಗ ಸೌಲನು ಮತ್ತೊಂದು ಆಣೆ ಸೇರಿಸಿ, ನೀನು ಸಾಯಲೇಬೇಕು ಎಂದನು. ಆಗ ಜನರು ಅಡ್ಡ ಬಂದು, ಇವನ ತಲೆಯ ಒಂದು ಕೂದಲೂ ನೆಲಕ್ಕೆ ಬೀಳಬಾರದೆಂದು ತಾವೂ ಯೆಹೋವನಾಣೆ ಹಾಕಿ ಅವನನ್ನು ಬಿಡಿಸಿಕೊಂಡರು. ಬಿಡಿಸಿಕೊಂಡರು ಎಂಬಲ್ಲಿ ಹೀಬ್ರೂ ಮೂಲದಲ್ಲಿರುವುದು, ಚೊಚ್ಚಲ ಮಗನನ್ನು ಬೆಲೆ ಕೊಟ್ಟು ಬಿಡಿಸುವುದಕ್ಕೆ ಬಳಸುವ ಕ್ರಿಯಾಪದವೇ. ಅರಸನ ಆಣೆ ಮುರಿಯಿತು. ಮುರಿಸಿದವರನ್ನು ಆ ಅಧ್ಯಾಯ ಎಲ್ಲಿಯೂ ಖಂಡಿಸುವುದಿಲ್ಲ. ಇದರ ಪಕ್ಕದಲ್ಲಿ ನ್ಯಾಯಸ್ಥಾಪಕರ 11ನೆಯ ಅಧ್ಯಾಯದ ಯೆಫ್ತಾಹನ ಮಗಳನ್ನು ನೆನೆಯಿರಿ. ಯುದ್ಧದಲ್ಲಿ ಗೆದ್ದು ಬಂದರೆ ಮನೆಯಿಂದ ಎದುರುಗೊಳ್ಳಲು ಬಂದದ್ದನ್ನು ದೇವರಿಗೆ ಹೋಮವಾಗಿ ಅರ್ಪಿಸುತ್ತೇನೆಂದು ಯೆಫ್ತಾಹನು ಹರಕೆ ಹೊತ್ತಿದ್ದನು, ಎದುರು ಬಂದವಳು ಮಗಳೇ. ಅವಳು ಎರಡು ತಿಂಗಳು ಗೆಳತಿಯರೊಡನೆ ಬೆಟ್ಟಗಳಲ್ಲಿ ಅಳುತ್ತ ತಿರುಗಿದಳು. ಅಷ್ಟು ದಿನಗಳಲ್ಲಿ ತಂದೆಯ ಮುಂದೆ ನಿಂತು ‘ಬೇಡ’ ಎಂದ ಒಬ್ಬನೂ ಆ ಕಥೆಯಲ್ಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಯೆಫ್ತಾಹನ ಹರಕೆಗಿಂತ ಊರಿನವರ ಆ ಮೌನವೇ.

ಹಾಗೆಂದು ಆಣೆಯನ್ನು ಗಾಳಿಗೆ ತೂರಿಬಿಡಿ ಎನ್ನುತ್ತಿಲ್ಲ. ಯಾಜಕಕಾಂಡದ 5ನೆಯ ಅಧ್ಯಾಯವು ದುಡುಕಿ ಆಣೆಯಿಟ್ಟವನನ್ನು ಅಪರಾಧಿಯೆಂದೇ ಎಣಿಸಿ, ತಪ್ಪು ಅರಿವಾದಾಗ ಅದನ್ನು ಒಪ್ಪಿಕೊಂಡು ಯಜ್ಞ ಅರ್ಪಿಸಬೇಕೆನ್ನುತ್ತದೆ. ನಿಮ್ಮ ಅರಿಕೆಯಲ್ಲಿ ಸೇರಬೇಕಾದದ್ದು ಆಣೆ ಮುರಿಯುವುದು ಮಾತ್ರವಲ್ಲ. ಸಿಟ್ಟಿನಲ್ಲಿ ಅಂಥ ಆಣೆ ಮಾಡಿದ್ದೂ ಸೇರಬೇಕು. ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ ಎಂದು ಯೇಸುಸ್ವಾಮಿ ಬೆಟ್ಟದ ಮೇಲೆ ಹೇಳಿದ್ದು ಇಂಥ ಸಿಕ್ಕುಗಳನ್ನು ಬಲ್ಲವರಾಗಿಯೇ ಇರಬೇಕು.

ಜ್ಞಾನೋಕ್ತಿಗಳ 31ನೆಯ ಅಧ್ಯಾಯದಲ್ಲಿ ಅರಸನಾದ ಲೆಮೂವೇಲನನ್ನು ಅವನ ತಾಯಿ ‘ನನ್ನ ಹರಕೆಯ ಮಗನೇ’ ಎಂದು ಕರೆಯುತ್ತಾಳೆ. ಬಾಯಿಲ್ಲದವರಿಗಾಗಿ ಬಾಯಿ ತೆರೆ ಎಂದು ಬುದ್ಧಿ ಹೇಳುವವಳೂ ಅವಳೇ. ಹರಕೆಯ ಬೆಲೆ ಬಲ್ಲ ಆ ತಾಯಿಗೆ ಇವೆರಡರ ನಡುವೆ ವಿರೋಧ ಕಾಣಲಿಲ್ಲ.

ಆದ್ದರಿಂದ ಹೋಗಿ, ಆದರೆ ಒಬ್ಬರೇ ಹೋಗಿ, ಕೂಟದವರನ್ನು ಕಟ್ಟಿಕೊಂಡು ಹೋಗಬೇಡಿ. ‘ಆಣೆ ಮಾಡಿದ್ದು ನನ್ನ ತಪ್ಪು, ಅದನ್ನು ಮುರಿದು ಬಂದಿದ್ದೇನೆ’ ಎಂದು ಮೊದಲು ಹೇಳಿ. ಪಾಲಿನ ಮಾತು ಎತ್ತಲೇಬೇಡಿ, ಅಣ್ಣ ಎತ್ತಿದರೂ ಬೆಳೆಸಬೇಡಿ. ಯಾರು ಎಷ್ಟು ಕಿಲೋ ಸುಲಿದರೆಂಬ ಲೆಕ್ಕವನ್ನು ಆ ಹೆಂಗಸರಿಂದಲೇ ಬರೆಸಿಕೊಂಡು ಹೋಗಿ. ಸೂರ್ಯ ಮುಳುಗುವುದರೊಳಗೆ ಕೂಲಿ ಕೊಡಬೇಕೆನ್ನುವ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಧಾರಣೆಗಾಗಿ ಕಾಯಲು ಅವಕಾಶವಿಲ್ಲ. ಒಂದಿಷ್ಟು ಅಡಿಕೆಯನ್ನು ಈ ವಾರವೇ ಮಾರಿದರೆ ಬಾಕಿ ತೀರುವುದಾದರೆ, ಉಳಿದದ್ದನ್ನು ಅವನು ಅಟ್ಟದಲ್ಲಿಟ್ಟುಕೊಂಡು ಕಾಯಲಿ.

ಪ್ರಶ್ನೆ: ಮಗನ ಕಾಯಿಲೆ ವಾಸಿಯಾದರೆ ಇಂತಿಷ್ಟು ಹಣ ದೇವಾಲಯಕ್ಕೆ ಕೊಡುತ್ತೇನೆಂದು ಹರಕೆ ಹೊತ್ತಿದ್ದೆ. ವಾಸಿಯಾಯಿತು. ಆದರೆ ಕೊಳೆರೋಗದಿಂದ ಫಸಲು ಉದುರಿಹೋಗಿದೆ. ಸಾಲ ಮಾಡಿ ತೀರಿಸಬೇಕೆ?
— ಸಾಗರದ ಓದುಗರು

ಉತ್ತರ: ಬೇಡ. ಮನುಷ್ಯರನ್ನು ದೇವರಿಗೆ ಹರಕೆಯಾಗಿ ಒಪ್ಪಿಸಿದಾಗ ಕೊಡಬೇಕಾದ ಬೆಲೆಯನ್ನು ಯಾಜಕಕಾಂಡದ 27ನೆಯ ಅಧ್ಯಾಯವು ವಯಸ್ಸಿಗೆ ತಕ್ಕಂತೆ ಗೊತ್ತುಮಾಡುತ್ತದೆ. ಇಪ್ಪತ್ತರಿಂದ ಅರವತ್ತು ವರ್ಷದ ಗಂಡಸಿಗೆ 50 ಶೆಕೆಲ್ ಬೆಳ್ಳಿ. ಅಷ್ಟು ಕೊಡಲಾಗದ ಬಡವನು ಯಾಜಕನ ಮುಂದೆ ನಿಲ್ಲಬೇಕು. ಯಾಜಕನು ಅವನ ಶಕ್ತಿ ನೋಡಿ ಬೆಲೆ ಕಟ್ಟಬೇಕು. ನೀವೂ ಗುರುಗಳ ಬಳಿ ಹೋಗಿ ತೋಟದ ಸ್ಥಿತಿಯನ್ನು ಮುಚ್ಚಿಡದೆ ಹೇಳಿ. ಈ ವರ್ಷ ಆದಷ್ಟು ಕೊಟ್ಟು, ಉಳಿದದ್ದಕ್ಕೆ ಮುಂದಿನ ಕೊಯ್ಲಿನವರೆಗೆ ಅವಧಿ ಕೇಳಿಕೊಳ್ಳಿ.